ಬೇಳೆ ಬೆಂದ ನೀರು

ಸಂಪಿಗೆಯ ಎಲೆಗಳು ಹಳದಿಯಾಗತೊಡಗಿದಾಗ ರಾಧಾಮಣಿ ಗೊಬ್ಬರ ಹಾಕಿದಳು. ಇನ್ನಷ್ಟು ಹಳದಿಯಾದವು. ನೀರು ಸಾಲದೇನೋ ಎಂದು ಎರಡು ಹೊತ್ತೂ ಹಾಕಿದಳು. ನಂದಿಯ ಕಡೆಯ ನರ್ಸರಿಯಿಂದ ತಂದ ಕಸಿ ಗಿಡ ಅದು. ವರ್ಷದೊಳಗೆ ಹೂ ಬಿಡುತ್ತದೆ ಎಂದು ಕೊಟ್ಟವನು ಹೇಳಿದ್ದ. ಚಿಂತಾಮಣಿಯ ಈ ಮನೆಯ ಹಿತ್ತಲಿನಲ್ಲಿ, ದೊಡ್ಡ ಸಿಮೆಂಟ್ ಕುಂಡದಲ್ಲಿ, ಎರಡನೇ ಬೇಸಿಗೆ ಬಂದರೂ ಒಂದು ಮೊಗ್ಗಿಲ್ಲದೆ ನಿಂತಿತ್ತು.

ಕಾಂಪೌಂಡ್ ಗೋಡೆಯಾಚೆಯಿಂದ ಹರಿಣಿ ಮೊದಲ ಸಲ ಮಾತಾಡಿಸಿದ್ದು ಆ ಗಿಡದ ವಿಷಯಕ್ಕೇ.

“ಅಕ್ಕ, ಅದಕ್ಕೆ ಗೊಬ್ಬರ ಕಮ್ಮಿಯಾಗಿಲ್ಲ. ನೀರು ಹಿಡಿಸ್ತಿಲ್ಲ.”

ಅದು ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ. ಪಕ್ಕದ ಮನೆಗೆ ಹರಿಣಿ ಮತ್ತು ಅವಳ ಗಂಡ ವೇಣು ಬಾಡಿಗೆಗೆ ಬಂದು ಸ್ವಲ್ಪ ಕಾಲವಾಗಿತ್ತು. ವೇಣು ಬ್ಯಾಂಕಿನಲ್ಲಿದ್ದ. ಹರಿಣಿ ಕೆಂಚಾರ್ಲಹಳ್ಳಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳುತ್ತಿದ್ದಳು. ಅವರು ಸಾಮಾನು ಇಳಿಸಿದ ದಿನ ತೆರೆದ ಬಾಗಿಲಿನಿಂದ ನಡುಮನೆಯ ಗೋಡೆ ಕಂಡಿತ್ತು. ಬುದ್ಧನ ಪಟ, ಅದರ ಪಕ್ಕದಲ್ಲಿ ಅಂಬೇಡ್ಕರರ ಪಟ. ರಾಧಾಮಣಿಯ ಮನೆಯಲ್ಲಿ ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹೇಳದೆಯೇ ಎಲ್ಲವೂ ಗೊತ್ತಾಗಿತ್ತು.

ಹರಿಣಿ ಒಂದು ಎಲೆ ಕೇಳಿ ತೆಗೆದುಕೊಂಡು ಬಿಸಿಲಿಗೆ ಹಿಡಿದಳು.

“ನೋಡಿ, ನರ ಎಲ್ಲ ಹಸಿರಾಗೇ ಇದೆ, ಮಧ್ಯ ಮಾತ್ರ ಹಳದಿ. ಮಣ್ಣಲ್ಲಿ ಕಬ್ಬಿಣ ಇರತ್ತೆ, ಆದ್ರೆ ಇದಕ್ಕೆ ಎಳ್ಕೊಳಕ್ಕೆ ಆಗ್ತಿಲ್ಲ. ನಮ್ಮ ಬೋರ್ ನೀರು ಅಷ್ಟು ಕ್ಷಾರ.”

ಕಾಲೇಜಿನ ಲ್ಯಾಬಿನಿಂದ ಪಿಎಚ್ ಕಾಗದದ ಚೂರುಗಳನ್ನು ತಂದಳು. ಬೋರ್ ನೀರಿನಲ್ಲಿ ಅದ್ದಿದ ಕಾಗದ ನೀಲಿಗೆ ತಿರುಗಿದ ಹಸಿರಾಯಿತು. ತನ್ನ ಅಡುಗೆಮನೆಯ ಆರ್‌ಓ ಫಿಲ್ಟರಿನ ನೀರಿನಲ್ಲಿ ಇನ್ನೊಂದನ್ನು ಅದ್ದಿ ತೋರಿಸಿದಳು. ಅದು ಎಳೆ ಬಾಳೆಎಲೆಯ ಬಣ್ಣಕ್ಕೆ ಬಂತು.

“ಇದೇ ಬಣ್ಣ ಬರ್ಬೇಕು. ನಾನು ಕ್ಯಾನಲ್ಲಿ ಕೊಡ್ತೀನಿ. ಬರೀ ಇದನ್ನೇ ಹಾಕ್ಬೇಡಿ, ಇದರಲ್ಲಿ ಉಪ್ಪೂ ಇಲ್ಲ, ಸತ್ವಾನೂ ಇಲ್ಲ. ಮೂರು ಪಾಲು ನಮ್ಮದು, ಒಂದು ಪಾಲು ನಿಮ್ಮದು ಬೆರೆಸಿ. ಮತ್ತೆ ಕಾಗದ ನೀಲಿಗೆ ತಿರುಗಿದ್ರೆ ನಾಲ್ಕು ತೊಟ್ಟು ನಿಂಬೆರಸ.”

“ಫಿಲ್ಟರಿಂದ ಬೇಡದ್ದು ಅಂತ ಆಚೆ ಹೋಗತ್ತಲ್ಲ, ಆ ನೀರನ್ನೇ ಕೊಡಿ, ಸಾಕು” ಎಂದಳು ರಾಧಾಮಣಿ ಸಂಕೋಚದಿಂದ.

“ಅಯ್ಯೋ, ಅದು ನಿಮ್ಮ ಬೋರಿಗಿಂತ ಕೆಟ್ಟದ್ದು. ಅದ್ರಲ್ಲಿ ನಾನು ನೆಲ ಒರೆಸ್ತೀನಿ. ನಿಮ್ಮ ಗಿಡಕ್ಕೆ ನೆಲ ಒರೆಸೋ ನೀರಾ?”

ಅಂದಿನಿಂದ ದಿನ ಬಿಟ್ಟು ದಿನ ಗೋಡೆಯ ಮೇಲೆ ಒಂದು ಬಿಳಿ ಕ್ಯಾನು ಬಂದು ಕೂರುತ್ತಿತ್ತು. ಗೋಡೆಯ ಈ ಕಡೆ ಒಬ್ಬಳು, ಆ ಕಡೆ ಒಬ್ಬಳು ನಿಂತು ಮಾತಾಡುತ್ತಿದ್ದರು. ಕಾಲೇಜಿನ ಹುಡುಗರ ವಿಷಯ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ವಾಸನೆ ಹೊತ್ತು ಬರುವ ರಾಧಾಮಣಿಯ ಗಂಡ ಕನಕರಾಜನ ಬಟ್ಟೆಗಳ ವಿಷಯ, ಬಸ್ಸಿನ ವಿಷಯ. ಬಿ.ಎ. ಮುಗಿಸಿ ಬಂದ ಮೇಲೆ ಇಷ್ಟು ಹೊತ್ತು ಮಾತಾಡುವ ಒಬ್ಬ ಹೆಂಗಸು ರಾಧಾಮಣಿಗೆ ಸಿಕ್ಕಿರಲೇ ಇಲ್ಲ. “ಒಳಗೆ ಬನ್ನಿ ಅಕ್ಕ, ಕಾಫಿ ಕುಡಿಯೋಣ” ಎಂದು ಹರಿಣಿ ಕರೆದಾಗಲೆಲ್ಲ ಒಲೆಯ ಮೇಲೆ ಏನೋ ಇರುತ್ತಿತ್ತು. ಅತ್ತೆ ಏನಂದುಕೊಳ್ಳುತ್ತಾರೋ ಎಂಬುದು ರಾಧಾಮಣಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು. ಕ್ಯಾನನ್ನೂ ಅವಳು ಕುಂಡದ ಪಕ್ಕದಲ್ಲೇ ಇಡುತ್ತಿದ್ದಳು. ಅದು ಹಿತ್ತಲಿನ ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ.

ಸಂಪಿಗೆ ಚಿಗುರಿತು. ಹೊಸ ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು.

ಒಂದು ಭಾನುವಾರ ಕರೆಂಟಿಲ್ಲದೆ ನಲ್ಲಿ ನಿಂತುಹೋಗಿತ್ತು. ರಾಧಾಮಣಿ ರಾಗಿ ಬೀಸಿಸಿಕೊಂಡು ಬರಲು ಹಿಂದಿನ ಬೀದಿಯ ಮಿಷನ್ನಿಗೆ ಹೋಗಿದ್ದಳು. ಅಲ್ಲಿ ಜನರೇಟರ್ ಇತ್ತು, ಸಾಲೂ ಇತ್ತು. ಹಿಂತಿರುಗಿ ಬಂದಾಗ ಕನಕರಾಜ ತಟ್ಟೆಯ ಮುಂದೆ ಕೂತಿದ್ದ.

“ಏನಮ್ಮ ಇವತ್ತು ಬೇಳೆ ಹಿಂಗೆ ಕರಗೋಗೈತೆ?” ಎಂದು ತಾಯಿಯನ್ನು ಕೇಳುತ್ತಿದ್ದ. “ದಿನಾ ಕಲ್ಲು ಅಗಿಯೋ ಹಂಗಿರ್ತಿತ್ತು.”

“ದಿನಾ ಮಾಡೋಳು ನಿನ್ ಹೆಂಡ್ತಿ, ಅವಳನ್ನೇ ಕೇಳಪ್ಪ” ಎಂದು ಲಕ್ಷ್ಮೀನರಸಮ್ಮ ನಕ್ಕಳು. “ಬಾರಮ್ಮ, ಮುದ್ದೆ ಬಿಸಿಯಾಗೈತೆ, ಕೂತ್ಕೊ.”

ಅಡುಗೆಮನೆಯ ಒಲೆಯ ಪಕ್ಕದಲ್ಲಿ ಬಿಳಿ ಕ್ಯಾನು ಖಾಲಿಯಾಗಿ ನಿಂತಿತ್ತು.

ರಾಧಾಮಣಿ ಅದನ್ನು ನೋಡಿದಳು. ಯಾರ ಮನೆಯ ನೀರೆಂದು ಅತ್ತೆಗೆ ಗೊತ್ತಿಲ್ಲ, ಗೊತ್ತಾದರೆ ಏನಾಗುತ್ತದೋ ಎಂದುಕೊಂಡಳು. ಹೊಟ್ಟೆ ಸರಿಯಿಲ್ಲ, ಆಮೇಲೆ ಉಣ್ಣುತ್ತೇನೆ ಎಂದಳು. ಅವರಿಬ್ಬರೂ ಕೈ ತೊಳೆದು ನಡುಮನೆಗೆ ಹೋದ ಮೇಲೆ ಸಾರಿನ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಬಂದಳು. ಅರ್ಧಕ್ಕಿಂತ ಹೆಚ್ಚಿತ್ತು. ಮೋರಿಗೆ ಸುರಿದಳು. ತೊಗರಿಬೇಳೆ, ಒಗ್ಗರಣೆಯ ಬೆಳ್ಳುಳ್ಳಿ, ಕರಿಬೇವು ಎಲ್ಲ ನಿಧಾನವಾಗಿ ಹರಿದುಹೋದವು. ಪಾತ್ರೆಯ ತಳವನ್ನೂ ಕೈಯಿಂದ ಬಳಿದು ಹಾಕಿ ತಲೆ ಎತ್ತಿದಳು.

ಪಕ್ಕದ ಮನೆಯ ತಾರಸಿಯ ಮೇಲೆ ಹರಿಣಿ ಒಣಗಿದ ಬಟ್ಟೆ ತೆಗೆಯುತ್ತ ನಿಂತಿದ್ದಳು. ಅವಳ ತೋಳಿನ ಮೇಲೆ ವೇಣುವಿನ ಅಂಗಿಗಳಿದ್ದವು. ಅವಳು ಸಾರಿನ ಕಡೆ ನೋಡುತ್ತಿದ್ದಳು, ರಾಧಾಮಣಿಯ ಕಡೆಗಲ್ಲ. ಆಮೇಲೆ ಇನ್ನೊಂದು ಅಂಗಿ ತೆಗೆದಳು. ಒಳಗೆ ಹೋದಳು.

ಅವಳಿಗೆ ಏನು ಗೊತ್ತಾಗುತ್ತದೆ, ಹಳಸಿದ ಸಾರು ಅಂದುಕೊಂಡಿರುತ್ತಾಳೆ ಎಂದು ರಾಧಾಮಣಿ ಸಮಾಧಾನ ಮಾಡಿಕೊಂಡಳು. ಆ ಸಮಾಧಾನ ಸಂಜೆಯವರೆಗೆ ಮಾತ್ರ ಉಳಿಯಿತು.

“ಸಾರೆಲ್ಲಿ?” ಎಂದು ಅತ್ತೆ ಕೇಳಿದಳು.

“ಬೆಕ್ಕು ಬಾಯಿ ಹಾಕ್ತು. ಚೆಲ್ಲಿದೆ.”

“ಥೂ, ಅದರ ಮನೆ ಹಾಳಾಗ. ಎಂಥಾ ಸಾರು. ಪಕ್ಕದ ಮೇಡಂಗೂ ಹೇಳ್ದೆ ಕಣೇ, ಗೋಡೆ ಹತ್ರ ನಿಂತು ಕೂಗಿ. ನಿಮ್ ನೀರಲ್ಲಿ ಬೇಳೆ ಬೆಣ್ಣೆಯಾಗೈತೆ, ನಮ್ಮ ರಾಧಾಮಣಿ ಬರ್ಲಿ, ಉಂಡು ನೋಡ್ಲಿ ಅಂತ. ಪಾಪ, ಎಷ್ಟು ಖುಷಿಪಟ್ಟಳು. ಇನ್ನು ಮೇಲೆ ಅಡುಗೆಗೂ ಕೊಡ್ತೀನಿ ಅಂದಳು.”

ರಾಧಾಮಣಿ ಅತ್ತೆಯ ಕಡೆ ತಿರುಗಿದಳು.

“ನೀವು... ಯಾರ ಮನೆ ನೀರು ಅಂತ ಗೊತ್ತಿದ್ದೇ ಹಾಕಿದ್ರಾ?”

“ಗೊತ್ತಿಲ್ದೆ ಏನು? ದಿನಾ ಗೋಡೆ ಮೇಲೆ ಕೂತಿರತ್ತಲ್ಲ ಕ್ಯಾನು, ನನಗೇನು ಕಣ್ಣಿಲ್ವಾ? ಹಿಂದೆ ಆಗಿದ್ರೆ ನಾನೂ ಮುಟ್ತಿರ್ಲಿಲ್ಲವೇನೋ. ಈಗ ಬಾಯಲ್ಲಿ ಹಲ್ಲಿಲ್ಲಮ್ಮ, ಬೇಳೆ ಬೇಯ್ಬೇಕು. ಗಿಡಕ್ಕಾಗೋದು ನನಗಾಗಲ್ವಾ?”

ಇಷ್ಟು ದಿನ ಅತ್ತೆಯದೆಂದು ಹೊತ್ತುಕೊಂಡಿದ್ದ ಭಯವನ್ನು ಇನ್ನು ಯಾರ ಮೇಲೆ ಹೊರಿಸುವುದೋ ರಾಧಾಮಣಿಗೆ ತಿಳಿಯಲಿಲ್ಲ. ಸುರಿದದ್ದು ತನ್ನ ಕೈ. ತಳ ಬಳಿದದ್ದೂ ತನ್ನ ಕೈ.

ಮಾರನೆಯ ಬೆಳಿಗ್ಗೆ ಕ್ಯಾನು ಗೋಡೆಯ ಮೇಲಿತ್ತು, ಕತ್ತಿನವರೆಗೂ ತುಂಬಿ. ಹರಿಣಿ ಇರಲಿಲ್ಲ. ಅದರ ನಂತರವೂ ಕ್ಯಾನು ತಪ್ಪಲಿಲ್ಲ. ಗೋಡೆಯ ಬಳಿ ಎದುರಾದರೆ ಹರಿಣಿ ನಗುತ್ತಿದ್ದಳು, “ನಿಂಬೆರಸ ಜಾಸ್ತಿ ಮಾಡ್ಬೇಡಿ” ಎಂದೋ, “ಕುಂಡದ ಮೇಲಿನ ಬಿಳಿ ಪೊರೆ ಕೆರೆದು ಹಾಕಿ” ಎಂದೋ ಹೇಳಿ ಒಳಗೆ ಹೋಗುತ್ತಿದ್ದಳು. ಅಡುಗೆಗೆ ನೀರು ಕೊಡುವ ಮಾತು ಬರಲಿಲ್ಲ. ಅತ್ತೆಯೇ ಒಮ್ಮೆ ಕೇಳಿಬಿಡಲು ಗೋಡೆಯತ್ತ ಹೊರಟಾಗ ರಾಧಾಮಣಿ ಅವಳ ಸೆರಗು ಹಿಡಿದು ನಿಲ್ಲಿಸಿದಳು.

ಕೊನೆಗೆ ಒಂದು ಸಂಜೆ ಖಾಲಿ ಕ್ಯಾನನ್ನು ಗೋಡೆಯ ಮೇಲೆ ಇಡದೆ, ಕೈಯಲ್ಲಿ ಹಿಡಿದು, ತಮ್ಮ ಗೇಟು ದಾಟಿ ಅವರ ಗೇಟು ತೆರೆದುಕೊಂಡು ಹೋದಳು. ಹರಿಣಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದವಳು ಎದ್ದು ಕುರ್ಚಿ ಎಳೆದಳು.

“ಕುಡಿಯಕ್ಕೆ ನೀರು ಕೊಡ್ತೀರಾ?” ಎಂದಳು ರಾಧಾಮಣಿ.

ಹರಿಣಿ ಸ್ಟೀಲ್ ಲೋಟದಲ್ಲಿ ತಂದುಕೊಟ್ಟಳು. ರಾಧಾಮಣಿ ಯಾರ ಮನೆಯಲ್ಲಾದರೂ ಲೋಟ ಎತ್ತಿಯೇ ಕುಡಿಯುವವಳು. ಅಂದು ತುಟಿಗೆ ಹಚ್ಚಿ, ಕಡೆಯ ತೊಟ್ಟಿನವರೆಗೂ ಕುಡಿದಳು. ನೀರಿಗೆ ಯಾವ ರುಚಿಯೂ ಇರಲಿಲ್ಲ. ಹರಿಣಿ ನಿಂತು ನೋಡಿದಳು. ಖಾಲಿ ಲೋಟಕ್ಕೆ ಕೈ ಚಾಚಿದಳು.

“ಅವತ್ತು ಭಾನುವಾರ...” ಎಂದು ರಾಧಾಮಣಿ ಶುರುಮಾಡಿದಳು.

“ಗಿಡ ಹೇಗಿದೆ?”

“ಚೆನ್ನಾಗಿದೆ. ಮೊಗ್ಗು ಬಂದಿದೆ.”

“ಒಳ್ಳೇದಾಯ್ತು.” ಹರಿಣಿ ಕಿಟಕಿಯಾಚೆ ನೋಡಿದಳು. “ಮುಂಗಾರು ಬಂತಲ್ಲ. ಇನ್ನು ಮಳೆ ನೀರು ಹಿಡಿದಿಟ್ಟುಕೊಳ್ಳಿ ರಾಧಾಮಣಿ ಅವ್ರೇ. ತಾರಸಿ ಪೈಪಿನ ಕೆಳಗೆ ಒಂದು ಡ್ರಮ್ ಇಟ್ರೆ ಮುಂದಿನ ಬೇಸಿಗೆವರೆಗೂ ಬರತ್ತೆ. ಗಿಡಕ್ಕೆ ನಮ್ಮ ನೀರಿಗೂ ಮಳೆ ನೀರಿಗೂ ಏನೂ ವ್ಯತ್ಯಾಸ ಇಲ್ಲ. ಯಾರನ್ನೂ ಕಾಯೋದು ಬೇಡ.”

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಏನಾದರೂ ಉತ್ತರ ಹೇಳಬಹುದಿತ್ತು. ಗಿಡಕ್ಕೆ ಒಳ್ಳೆಯದಾಗುವ ಮಾತು ಅದು, ಹರಿಣಿ ಮೊದಲ ದಿನ ಹೇಳಿದ ಮಾತಿನಷ್ಟೇ ಸರಿಯಾದದ್ದು. ರಾಧಾಮಣಿ ಕ್ಯಾನನ್ನು ಬಾಗಿಲ ಪಕ್ಕದಲ್ಲಿಟ್ಟು ಬಂದಳು.

ಕನಕರಾಜ ಡ್ರಮ್ ತಂದ. ಆ ವರ್ಷ ಮಳೆ ಚೆನ್ನಾಗಿಯೇ ಹಿಡಿಯಿತು. ಗೌರಿಬಿದನೂರಿನಿಂದ ಬಂದ ನೆಂಟರು ತೊಂಡೇಬಾವಿಯ ಹೊಲಗಳಲ್ಲಿ ನೀರು ನಿಂತದ್ದನ್ನು ಸಂತೋಷದಿಂದ ಹೇಳಿದರು. ಲಕ್ಷ್ಮೀನರಸಮ್ಮ ಬೇಳೆಗೂ ಡ್ರಮ್ಮಿನ ನೀರನ್ನೇ ಸೋಸಿ ಹಾಕತೊಡಗಿದಳು, ಚೆನ್ನಾಗಿ ಬೇಯುತ್ತದೆ ಎಂದಳು. ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಇನ್ನೊಂದು ಮಳೆ ಬರಲಿ ಎನ್ನುತ್ತಿದ್ದರು. ಮೋಡ ಕಟ್ಟಿದ ಪ್ರತಿ ಸಂಜೆಯೂ ರಾಧಾಮಣಿ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಒಮ್ಮೆ ಕ್ಯಾನಿಲ್ಲದ ಗೋಡೆಯನ್ನು, ಒಮ್ಮೆ ಆಕಾಶವನ್ನು ನೋಡುತ್ತಿದ್ದಳು. ಹೊರಗೆ ಹೇಳಿಕೊಳ್ಳುವಂಥದ್ದಲ್ಲ, ಆದರೆ ಮಳೆ ಬಾರದಿರಲಿ ಎಂದು ಆ ಊರಿನಲ್ಲಿ ಬೇಡಿಕೊಳ್ಳುತ್ತಿದ್ದವಳು ಅವಳೊಬ್ಬಳೇ.