ನಾಂದೊ ಹಾಕಿದ ನಾಲ್ಕು ದಿನದ ಯೋಜನೆ

ರೋಮಿನಲ್ಲಿ ಹುಟ್ಟಿದವನು ರೋಮಿನ ಯಾವ ಬಾಗಿಲಲ್ಲೂ ಟಿಕೆಟ್ ಕೊಂಡು ಒಳಗೆ ಹೋಗಬಾರದು ಎಂಬುದು ನಾಂದೊ ಪಾಲಿಸಿಕೊಂಡು ಬಂದ ವ್ರತ. ಮೂವತ್ತಮೂರು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ದಿನಕ್ಕೆ ಎಂಟು ಸಲ ಕೊಲೊಸಿಯಮ್ಮಿಗೆ ಪ್ರದಕ್ಷಿಣೆ ಹಾಕಿದ್ದ. ಒಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹೋಗಬೇಕೆನಿಸಿದ ದಿನ ಬಾಗಿಲಲ್ಲಿ ತನ್ನವನೊಬ್ಬ ಇದ್ದಾನೆ, ಒಂದು ಮಾತು ಹೇಳಿದರೆ ಸಾಕು ಎಂಬ ಧೈರ್ಯ. ಅಂಥ ದಿನ ಬಂದಿರಲಿಲ್ಲ, ಅಷ್ಟೆ.

ಈಗ ಬಂತು. ಮಗಳು ಇಲೇನಿಯಾ ಮಿಲಾನಿನ ಹುಡುಗನೊಬ್ಬನನ್ನು ಒಪ್ಪಿಕೊಂಡಿದ್ದಳು. ಮದುವೆ ಎಲ್ಲಿ ಎಂಬುದೇ ಕಗ್ಗಂಟಾಗಿತ್ತು. ನಮ್ಮ ಟೆಸ್ಟಾಚೊ ಬಡಾವಣೆಯ ಚರ್ಚಿನಲ್ಲಿ ಎಂದು ನಾಂದೊ. ಮಿಲಾನಿನಲ್ಲಿ ಎಂದು ಹುಡುಗನ ತಾಯಿ ಫಿಯೊರೆಂಜಾ. ಆಕೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಕೊನೆಗೆ ಇಲೇನಿಯಾಳಿಗೆ ಸಾಕಾಗಿಹೋಯಿತು.

"ಫಿಯೊರೆಂಜಾ ನಾಲ್ಕು ದಿನ ರೋಮ್ ನೋಡೋಕೆ ಬರ್ತಾರೆ. ಎಲ್ಲಿ ಅಂತ ಅವರೂ ಅಮ್ಮನೂ ಕೂತು ತೀರ್ಮಾನ ಮಾಡ್ಲಿ. ನಿನ್ನನ್ನ ಸೇರಿಸಲ್ಲ ಪಪ್ಪಾ. ನೀನು ಬಾಯಿ ಹಾಕಿದ್ರೆ ಈ ಜನ್ಮದಲ್ಲಿ ಮುಗಿಯಲ್ಲ."

ನಾಂದೊನಿಗೆ ಬೇಜಾರೇನೂ ಆಗಲಿಲ್ಲ. ಹೆಂಡತಿ ಲೊರೆದಾನಾಳ ಮತ ಹೇಗೂ ತನ್ನ ಜೇಬಿನಲ್ಲಿದೆ. ಮಿಲಾನಿನವಳಿಗೆ ಊರು ತೋರಿಸಿ ಮರುಳು ಮಾಡಿದರೆ ಕೆಲಸವಾಯಿತು. ಮಗಳ ಕೈ ಹಿಡಿದು ಚರ್ಚಿನ ನಡುವೆ ನಡೆಯುವಾಗ ಡಿಪೋದವರೆಲ್ಲ, ಬೀದಿಯವರೆಲ್ಲ ತನ್ನನ್ನು ನೋಡಬೇಕು ಎಂಬ ಆಸೆ ಅವನಿಗೆ ಅವಳು ಹುಟ್ಟಿದಂದಿನಿಂದ ಇತ್ತು. ಮಿಲಾನಿನಲ್ಲಿ ನಡೆದರೆ ನೋಡುವವರು ಯಾರು?

ಬ್ರೆಡ್ಡಿನ ಕಾಗದದ ಚೀಲ ಹರಿದು ಅಡಿಗೆಮನೆಯ ಮೇಜಿನ ಮೇಲೆ ಹಾಸಿ, ಯೋಜನೆ ಬರೆಯಲು ಕೂತ. ಮೊದಲು ನಾಲ್ಕು ಮಧ್ಯಾಹ್ನದ ಊಟ ಬರೆದ. ಗುರುವಾರ ಆಲೂಗಡ್ಡೆಯ ನ್ಯೋಕಿ, ಶುಕ್ರವಾರ ಉಪ್ಪುಮೀನು, ಶನಿವಾರ ಬೋಟಿ, ಭಾನುವಾರ ಮನೆಯಲ್ಲೇ ಲೊರೆದಾನಾ ಕೈಯ ಪಾಸ್ತಾ. ಇದನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಊರನ್ನು ಉಳಿದ ಜಾಗದಲ್ಲಿ ಹಿಡಿಸಬೇಕಿತ್ತು.

"ಕೊಲೊಸಿಯಮ್ಮಿಗೆ ರೆಮೊ ಇದಾನೆ," ಎನ್ನುತ್ತ ಬರೆದುಕೊಂಡ. "ಮ್ಯೂಸಿಯಮ್ಮಿಗೆ ಚೇಸರೆ. ನಿನ್ನ ತಂಗಿ ಗಂಡನ ಅಣ್ಣ."

"ಅವನು ಸತ್ತು ಎರಡು ವರ್ಷ ಆಯ್ತಲ್ಲೋ," ಎಂದಳು ಲೊರೆದಾನಾ, ಅಡಿಗೆಗೆ ಪಲ್ಲೆಹೂವಿನ ಎಸಳು ಸುಲಿಯುತ್ತ. "ಮಣ್ಣಿಗೆ ಹೋಗಿ ಎಲ್ಲರಿಗಿಂತ ಜೋರಾಗಿ ಅತ್ತು ಬಂದವನು ನೀನೇ."

ನಾಂದೊ ಒಂದು ಗಳಿಗೆ ತಲೆ ತಗ್ಗಿಸಿದ. "ಪಾಪ, ಒಳ್ಳೆ ಮನುಷ್ಯ," ಎಂದು ಚೇಸರೆಯನ್ನು ಹೊಡೆದುಹಾಕಿ ಅವನ ಮಗನ ಹೆಸರು ಬರೆದ. "ಚಿತ್ರಶಾಲೆಗೆ ಕ್ಷೌರದಂಗಡಿಯವನ ಭಾವ."

"ಲಾತ್ಸಿಯೊ ತಂಡದ ಕಡೆಯವನು ಅಂತ ಅವನ ಹತ್ರ ಮಾತು ಬಿಟ್ಟಿದೀಯಲ್ಲ. ಹನ್ನೊಂದು ವರ್ಷ ಆಯ್ತು."

"ಮಗಳ ಮದುವೆ ವಿಷಯ ಕಣೇ. ಲಾತ್ಸಿಯೊದವನಿಗೂ ಫೋನ್ ಮಾಡ್ತೀನಿ!" ಎದುರಾಳಿ ಫುಟ್‌ಬಾಲ್ ತಂಡದವರ ವಿಚಾರದಲ್ಲಿ ಇಷ್ಟು ದೊಡ್ಡ ತ್ಯಾಗವನ್ನು ಅವನು ಹೆತ್ತ ತಾಯಿಗೂ ಮಾಡಿರಲಿಲ್ಲ.

"ಟಿಕೆಟ್ ತಗೊಂಡ್ಬಿಡೋಣ ನಾಂದೊ."

"ಟಿಕೆಟ್ಟಾ? ನಾನೇನು ಸ್ವೀಡನ್ನಿಂದ ಬಂದಿದೀನಾ?"

ಸಂಜೆಯ ಹೊತ್ತಿಗೆ ಆ ಕಾಗದದಲ್ಲಿ ಊಟಗಳಿದ್ದವು, ಜನರ ಹೆಸರುಗಳಿದ್ದವು. ನೋಡುವ ಜಾಗ ಯಾವುದೆಂದು ನಾಂದೊನೇ ಓದಿ ಹೇಳಬೇಕಿತ್ತು.

ಮರುದಿನ ಫಿಯೊರೆಂಜಾಳ ಯೋಜನೆ ಬಂತು. ಹನ್ನೊಂದು ಪುಟ. ಒಂಬತ್ತು ಹತ್ತಕ್ಕೆ ಕೊಲೊಸಿಯಮ್, ಹತ್ತು ಐವತ್ತೈದಕ್ಕೆ ಕಾಫಿ, ಹನ್ನೊಂದು ಐದಕ್ಕೆ ಕಾಫಿ ಮುಕ್ತಾಯ. ಎಲ್ಲ ಕಡೆಗೂ ಮೂವರ ಹೆಸರಿನಲ್ಲಿ ಟಿಕೆಟ್ ತೆಗೆದಾಗಿತ್ತು.

"ನಮ್ಮೂರನ್ನ ನಮಗೇ ತೋರಿಸ್ತಾಳಂತೆ!" ನಾಂದೊನಿಗೆ ಮೈಯೆಲ್ಲ ಉರಿಯಿತು. "ಬರ್ಲಿ. ಬಾಗಿಲಲ್ಲಿ ರೆಮೊ ನನ್ನ ಕೈ ಕುಲುಕಿದ ಮೇಲೆ ಆ ಕಾಗದನೆಲ್ಲ ತಾನೇ ಹರಿದು ಹಾಕ್ತಾಳೆ."

ಗುರುವಾರ ಬೆಳಿಗ್ಗೆ ಕೊಲೊಸಿಯಮ್ಮಿನ ಮುಂದೆ ಮೈಲುದ್ದದ ಸಾಲು. ನಾಂದೊ ಇಬ್ಬರು ಹೆಂಗಸರನ್ನೂ ಬದಿಯಿಂದ ನೇರ ಬಾಗಿಲಿಗೆ ಕರೆದೊಯ್ದ. ಕಾವಲಿನ ರೆಮೊ ಅವನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ, ಮಂಡಿನೋವು ವಿಚಾರಿಸಿದ, ನಮ್ಮ ತಂಡ ಹಾಳಾಗಿಹೋಯಿತೆಂದು ಕಣ್ಣಲ್ಲಿ ನೀರು ತಂದುಕೊಂಡ. ಒಳಗೆ ಮಾತ್ರ ಬಿಡಲಿಲ್ಲ.

"ಈಗ ಎಲ್ಲ ಟಿಕೆಟ್ಟೂ ಹೆಸರಿನ ಮೇಲೆ, ನಾಂದೊ. ಯಂತ್ರ ಒಪ್ಪಬೇಕು. ನಮ್ಮಮ್ಮ ಬಂದ್ರೂ ಇಲ್ಲೇ ನಿಲ್ಲಿಸ್ತೀನಿ. ಟಿಕೆಟ್ ಇದ್ಯಾ?"

"ಇದೆ," ಎಂದಳು ಫಿಯೊರೆಂಜಾ, ಮೂರು ಹಾಳೆ ಮುಂದೆ ಹಿಡಿದು. "ಒಂದು ನಿಮಿಷ ತಡ ಆಗಿದೆ. ಪರವಾಗಿಲ್ಲ."

ನಾಂದೊ ತನ್ನ ಹಾಳೆಯನ್ನು ಮುಟ್ಟಲಿಲ್ಲ. "ನೀವಿಬ್ರೂ ಹೋಗ್ಬನ್ನಿ ಸಿನ್ಯೋರಾ. ನಾನು ನೂರು ಸಲ ನೋಡಿದೀನಿ."

ಲೊರೆದಾನಾ ಗಂಡನ ಮುಖವನ್ನೊಮ್ಮೆ ನೋಡಿದಳು. ತನ್ನ ಟಿಕೆಟ್ ಹಿಡಿದು ಒಳಗೆ ಹೋದಳು.

ಕಾಫಿಯ ಹೊತ್ತು ಮೀರಿತು. ಕಾಫಿ ಮುಕ್ತಾಯದ ಹೊತ್ತೂ ಮೀರಿತು. ನಾಂದೊ ಬಿಸಿಲಲ್ಲೇ ರೆಮೊಗೆ ಬೆನ್ನು ಹಾಕಿ ನಿಂತಿದ್ದ. ಹನ್ನೆರಡರ ಹತ್ತಿರ ಇಬ್ಬರೂ ಕೈಕೈ ಹಿಡಿದುಕೊಂಡು ಹೊರಗೆ ಬಂದರು. ಲೊರೆದಾನಾಳ ಕಣ್ಣು ಕೆಂಪಾಗಿತ್ತು.

"ನಾನು ಸೋತೆ," ಎಂದಳು ಫಿಯೊರೆಂಜಾ. "ಇಂಥ ಊರು ಬಿಟ್ಟು ಬೇರೆ ಕಡೆ ಯಾಕೆ? ಮದುವೆ ಇಲ್ಲೇ ಆಗ್ಲಿ."

ನಾಂದೊನಿಗೆ ಹೋದ ಜೀವ ಬಂತು. "ಬಿಡಿ ಸಿನ್ಯೋರಾ, ನೀವೇನೂ ತಲೆ ಕೆಡಿಸ್ಕೋಬೇಡಿ! ಹೂವಿಗೆ ನನ್ನವನೊಬ್ಬ ಇದಾನೆ. ಊಟಕ್ಕೆ ಇನ್ನೊಬ್ಬ. ಫೋಟೋಕ್ಕೆ ನಮ್ಮ ಡಿಪೋದಲ್ಲಿ..."

"ಮಿಲಾನಲ್ಲಿ," ಎಂದಳು ಲೊರೆದಾನಾ.

"ಏನಂದೆ?"

"ಮದುವೆ ಮಿಲಾನಲ್ಲಿ ಆಗ್ಲಿ ಅಂದೆ. ನಮ್ಮ ಮದುವೆಯಾದ ವಾರ ಕೇಳಿದ್ದೆ, ಒಳಗೆ ಒಂದ್ಸಲ ಕರ್ಕೊಂಡು ಹೋಗು ಅಂತ. ಆಗ ಬಾಗಿಲಲ್ಲಿದ್ದ ರೆಮೊನ ಅಪ್ಪನಿಗೆ ಹೇಳ್ತೀನಿ ಅಂದೆ ನೀನು. ಆಮೇಲೆ ರೆಮೊಗೆ ಹೇಳ್ತೀನಿ ಅಂದೆ. ಮೂವತ್ತೆಂಟು ವರ್ಷ ಗೋಡೆ ನೋಡ್ಕೊಂಡು ಓಡಾಡಿದೀನಿ ನಾಂದೊ. ಕೊನೆಗೆ ಇವರು ಮಿಲಾನಿಂದ ಬಂದು ತೋರಿಸಬೇಕಾಯ್ತು." ಅವಳು ಕೈಯಲ್ಲಿದ್ದ ಟಿಕೆಟ್ ಮಡಚಿ ಚೀಲದಲ್ಲಿಟ್ಟಳು. "ನನ್ನ ಮಗಳ ಮದುವೆ ನೆಟ್ಟಗೆ ಆಗ್ಬೇಕು. ಅಲ್ಲಾದ್ರೆ ನಿನಗೆ ಯಾರೂ ಗೊತ್ತಿಲ್ಲ."

ಫಿಯೊರೆಂಜಾ ಪೆನ್ನು ತೆಗೆದು ಹನ್ನೊಂದನೆಯ ಪುಟದ ಹಿಂದೆ 'ಮದುವೆ: ಮಿಲಾನ್' ಎಂದು ಬರೆದುಕೊಂಡಳು. ನಾಂದೊ ಬಾಯಿ ತೆರೆದ. ಮಿಲಾನಿನಲ್ಲಿ ತನ್ನವನು ಅನ್ನುವವನು ಒಬ್ಬನಾದರೂ ಇದ್ದಾನೆಯೇ ಎಂದು ನಿಂತಲ್ಲೇ ಯೋಚಿಸಿದ. ಯಾರೂ ನೆನಪಾಗಲಿಲ್ಲ.