ಮೂವತ್ತೊಂದು ಹಳದಿ ಚೀಟಿ

ನಮ್ಮ ಮನೆಯಲ್ಲಿ ಅಕ್ಷರವಿದ್ದ ಕಾಗದವನ್ನು ಕಸದ ಬುಟ್ಟಿಗೆ ಹಾಕುವುದಿಲ್ಲ. ಎಜ್‌ವೇರ್‌ನಲ್ಲಿ ಇದನ್ನು ಯಾರಿಗೆ ಹೇಳಿದರೂ ನಗುತ್ತಾರೆ. ನಗಲಿ. ಅಕ್ಷರವೆಂದರೆ ಸರಸ್ವತಿ, ತುಳಿಯಬಾರದು, ತುಳಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಧಾರವಾಡದಲ್ಲಿದ್ದಾಗ ಇದೇನೂ ಕಷ್ಟದ ಕೆಲಸವಾಗಿರಲಿಲ್ಲ, ತಿಂಗಳಿಗೊಮ್ಮೆ ರದ್ದಿಯವನು ಬಂದು ಹೊತ್ತುಕೊಂಡು ಹೋಗುತ್ತಿದ್ದ. ಲಂಡನ್ನಿನಲ್ಲಿ ರದ್ದಿಯವನು ಎಲ್ಲಿದ್ದಾನೆ? ಹಾಗಾಗಿ ನಮ್ಮ ಫ್ಲಾಟಿನಲ್ಲಿ ಬಾಯ್ಲರ್ ಇರುವ ಗೂಡಿನ ತುಂಬ ಕಾಗದ. ಗ್ಯಾಸ್ ಬಿಲ್ಲು, ಶಾಲೆಯ ಪತ್ರ, ಪೀಟ್ಜಾ ಅಂಗಡಿಯ ಜಾಹೀರಾತು, ಎಲ್ಲ. ನನ್ನ ಮಗಳು ಧೃತಿ ಅದಕ್ಕೆ 'ಅಮ್ಮಾಸ್ ಲೈಬ್ರರಿ' ಎಂದು ಹೆಸರಿಟ್ಟಿದ್ದಳು.

ನಾನು ವಿಶಾಲಾಕ್ಷಿ. ಕರ್ನಾಟಕ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು, ಕಾಲಿಂಡೇಲ್‌ನ ಒಂದು ಪಾರ್ಸೆಲ್ ಕಚೇರಿಯ ಕೌಂಟರಿನಲ್ಲಿ ಡಬ್ಬಿ ತೂಗುತ್ತಿದ್ದೆ. ನನ್ನ ಗಂಡ ಶರಣಪ್ಪ ಮೂಳೆ ಡಾಕ್ಟರು. ಡಾಕ್ಟರ ಹೆಂಡತಿ ಡಬ್ಬಿ ತೂಗುವುದು ಸ್ಟ್ಯಾನ್ಮೋರ್‌ನ ನಮ್ಮ ಕನ್ನಡದ ಹೆಂಗಸರಿಗೆ ನುಂಗಲಾರದ ತುತ್ತಾಗಿತ್ತು. ದೀಪಾವಳಿ ಊಟದಲ್ಲಿ ಇಂದು ಅನ್ನುವವಳು ಎಲ್ಲರ ಮುಂದೆ ನನ್ನನ್ನು "ಇವರು ಲಾಜಿಸ್ಟಿಕ್ಸ್‌ನಲ್ಲಿದ್ದಾರೆ" ಎಂದು ಪರಿಚಯಿಸಿದಳು. ನಾನು ತಕ್ಷಣ, "ಇಲ್ಲರೀ, ಡಬ್ಬಿಗೆ ಟೇಪ್ ಹಚ್ಚತೀನಿ" ಅಂದೆ. ಅವಳ ಕೈಯಲ್ಲಿದ್ದ ಜಾಮೂನು ಅಲ್ಲೇ ನಿಂತಿತು.

ಕೆಲಸ ಸರಳವಾಗಿತ್ತು. ಗಿರಾಕಿ ಡಬ್ಬಿ ತರುತ್ತಾನೆ. ಒಳಗೇನಿದೆ, ಯಾರಿಗೆ ಹೋಗಬೇಕು ಎಂದು ಒಂದು ಚೀಟಿ ತುಂಬಬೇಕು, ಕೆಳಗೆ 'ವಸ್ತು ಪರಿಶೀಲಿಸಿದೆ' ಎಂದಿರುವಲ್ಲಿ ನಾನು ಸಹಿ ಹಾಕಬೇಕು. ಚೀಟಿಗೆ ಕಾರ್ಬನ್ ಇಟ್ಟ ಮೂರು ಪ್ರತಿ. ಬಿಳಿಯದು ಡಬ್ಬಿಯ ಜೊತೆ ಹೋಗುತ್ತದೆ, ಗುಲಾಬಿ ಬಣ್ಣದ್ದು ಆಫೀಸಿನ ಫೈಲಿಗೆ, ಹಳದಿಯದು ಕೌಂಟರಿನಲ್ಲೇ ಉಳಿದು ಶುಕ್ರವಾರ ಕಸಕ್ಕೆ. ಆ ಶುಕ್ರವಾರದ ಕಸವನ್ನೇ ನಾನು ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ಹಿಂಬದಿ ಖಾಲಿ ಇರುತ್ತಿತ್ತು. ಅದರಲ್ಲಿ ಸಾಮಾನಿನ ಪಟ್ಟಿ ಬರೆಯುತ್ತಿದ್ದೆ.

ಕಚೇರಿಯ ಮಾಲೀಕ ಕೀತ್. ಐವತ್ತರ ಆಸುಪಾಸು, ಕೆಂಪು ಮುಖ, ದಿನವಿಡೀ ಚಹಾ, ಬಾಯಿ ತೆರೆದರೆ 'ಲವ್' ಅನ್ನುವ ಆಸಾಮಿ. ಕೆಲವು ಗುರುವಾರ ಮಧ್ಯಾಹ್ನ ತಾನೇ ಹಿಂದಿನ ಕೋಣೆಯಿಂದ ಟೇಪ್ ಸುತ್ತಿದ ಒಂದೋ ಎರಡೋ ಡಬ್ಬಿ ತಂದಿಡುತ್ತಿದ್ದ. ಚೀಟಿ ತಾನೇ ತುಂಬಿರುತ್ತಿದ್ದ. 'ಹೊಲಿಗೆ ಯಂತ್ರದ ಬಿಡಿಭಾಗ.' "ಸಹಿ ಹಾಕು ಲವ್, ನಾಲ್ಕಕ್ಕೆ ವ್ಯಾನ್ ಬರುತ್ತೆ" ಅನ್ನುತ್ತಿದ್ದ. ನಾನು ಹಾಕುತ್ತಿದ್ದೆ. ತೆರೆದು ನೋಡದೆ, 'ಪರಿಶೀಲಿಸಿದೆ' ಎಂದು. ಮಾಲೀಕನ ಡಬ್ಬಿಯನ್ನು ಬಿಚ್ಚಿ ನೋಡಲು ಸಂಕೋಚ. ಮಾಡಿದ್ದು ತಪ್ಪು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ತೊಂಬತ್ತೆಂಟರ ದಸರೆಯ ಹಿಂದಿನ ಗುರುವಾರ ಅಂಥ ಒಂದು ಡಬ್ಬಿ ತಕ್ಕಡಿಯಿಂದ ಜಾರಿ ಬಿದ್ದು ಮೂಲೆ ಒಡೆಯಿತು. ಎಣ್ಣೆಕಾಗದದ ಪೊಟ್ಟಣವೊಂದು ಹೊರಗೆ ಬಂತು. ಕೈಗೆ ಎತ್ತಿಕೊಳ್ಳುವ ಮೊದಲೇ ನನಗೆ ಆ ಎಣ್ಣೆಯ ವಾಸನೆ ಬಡಿಯಿತು.

ನಮ್ಮಪ್ಪ ಶಾಂತಪ್ಪ ಧಾರವಾಡದ ಪೊಲೀಸ್ ಶಸ್ತ್ರಾಗಾರದಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿದವರು. ಖಂಡೇನವಮಿಯ ಹಿಂದಿನ ದಿನ ಎಲ್ಲ ಆಯುಧಗಳನ್ನೂ ಬಿಚ್ಚಿ ಪಡಸಾಲೆಯ ಜಮಖಾನದ ಮೇಲೆ ಹರಡುತ್ತಿದ್ದರು. ಮರುದಿನ ಪೂಜೆಗೆ ಇಡುವುದು ಹೊಳೆಯಬೇಕಲ್ಲ! ನಾನು ಒಬ್ಬಳೇ ಮಗಳು, ಬಟ್ಟೆಯ ತುಂಡಿಗೆ ಎಣ್ಣೆ ಹಚ್ಚಿ ಒರೆಸಿಕೊಡುವುದು ನನ್ನ ಪಾಲಿನ ಸೇವೆ. ಯಾವುದು ಯಾವುದರ ಪಕ್ಕ ಕೂರುತ್ತದೆ ಎಂದು ಅಪ್ಪ ಕೇಳುತ್ತಿದ್ದರು. ತಪ್ಪು ಹೇಳಿದರೆ ತಲೆಗೊಂದು ಮೊಟಕು, ಸರಿ ಹೇಳಿದರೆ ಪೇಡೆ. ನಾನು ತಿಂದ ಪೇಡೆಗೆ ಲೆಕ್ಕವಿಲ್ಲ.

ಪೊಟ್ಟಣದೊಳಗೆ ಬೆರಳುದ್ದದ ಮೂರು ಕೊಳವೆಗಳಿದ್ದವು. ಒಂದನ್ನು ದೀಪಕ್ಕೆ ಹಿಡಿದು ಕಣ್ಣಿಟ್ಟೆ. ಒಳಗೆ ಸುರುಳಿಯಾಗಿ ತಿರುಗುವ ಗೀರುಗಳು, ಗುಂಡು ಹಾಯುವ ನಳಿಕೆಯಲ್ಲಿ ಇರುವಂಥವು. ಪಕ್ಕದಲ್ಲಿ ಬಾಗಿದ ಸಣ್ಣ ಉಕ್ಕಿನ ತುಂಡು, ಹೆಬ್ಬೆರಳು ಜಾರದಂತೆ ನೆತ್ತಿಯ ಮೇಲೆ ಕಚ್ಚು ಹಾಕಿದ್ದು. ಅಪ್ಪ ಅದನ್ನು ಕುದುರೆ ಅನ್ನುತ್ತಿದ್ದರು. ಎಳೆದು ಬಿಟ್ಟರೆ ಗುಂಡಿನ ಬೆನ್ನಿಗೆ ಹೋಗಿ ಬಡಿಯುವುದು ಅದೇ. ಹೊಲಿಗೆ ಯಂತ್ರವೂ ನಮ್ಮ ಮನೆಯಲ್ಲಿತ್ತು. ಅದರಲ್ಲಿ ಕುದುರೆ ಇರಲಿಲ್ಲ.

ಈ ದೇಶದಲ್ಲಿ ಕೈಬಂದೂಕು ಇಟ್ಟುಕೊಳ್ಳುವುದನ್ನೇ ನಿಷೇಧಿಸಿ ಆಗಷ್ಟೇ ವರ್ಷ ಕಳೆದಿತ್ತು. ಅದನ್ನು ತುಂಡು ತುಂಡು ಮಾಡಿ, ಯಾರದೋ ಹುಟ್ಟುಹಬ್ಬದ ಉಡುಗೊರೆಯ ಪಕ್ಕ, ಅದೇ ವ್ಯಾನಿನಲ್ಲಿ ಕಳಿಸುತ್ತಿದ್ದ ಈ ಮಹಾನುಭಾವ. ಕಳಿಸುತ್ತಿದ್ದದ್ದು ನನ್ನ ಸಹಿಯ ಮೇಲೆ.

ಕೀತ್ ಬಾಗಿಲಲ್ಲಿ ನಿಂತಿದ್ದ. "ಒಳಗಿಟ್ಟು ಟೇಪ್ ಹಾಕು, ಲವ್."

"ಇದು ಪಿಸ್ತೂಲಿನದು."

"ನಿನಗೇನು ಗೊತ್ತು? ಹೊಲಿಗೆ ಯಂತ್ರದ್ದು ಅದು."

"ಹಾಗಾದರೆ ಇದರಲ್ಲಿ ಒಂದು ರವಿಕೆ ಹೊಲಿದು ತೋರಿಸು."

ಅವನ ಮುಖದ ಕೆಂಪು ಇಳಿಯಿತು. ದನಿಯನ್ನು ಮಾತ್ರ ಏರಿಸಲಿಲ್ಲ. ಹತ್ತಿರ ಬಂದು ನಿಧಾನವಾಗಿ ಹೇಳಿದ: "ಒಂದು ವರ್ಷದಿಂದ ಎಲ್ಲದರ ಮೇಲೂ ಯಾರ ಸಹಿ ಇದೆ ನೆನಪಿದೆಯಾ? ಹೇಳುವುದಾದರೆ ಹೇಳು. ನಾನು ಗುಲಾಬಿ ಚೀಟಿಗಳನ್ನು ಇವತ್ತೇ ಸುಡುತ್ತೇನೆ. ಆಮೇಲೆ ನಿನ್ನ ಮಾತಿಗೆ ನನ್ನ ಮಾತು. ಒಂದು ವೇಳೆ ಎಲ್ಲಾದರೂ ಒಂದು ಚೀಟಿ ಸಿಕ್ಕರೆ ಅದರ ಮೇಲೆ ನಿನ್ನ ಹೆಸರು. ನಿಮ್ಮ ಪಾಸ್‌ಪೋರ್ಟುಗಳು ಕ್ರಾಯ್ಡನ್‌ನಲ್ಲಿವೆ ಅಂದಿದ್ದೆಯಲ್ಲ?"

ಅಂದಿದ್ದೆ. ಚಹಾ ಕುಡಿಯುತ್ತ ಎಲ್ಲ ಹೇಳಿಕೊಂಡಿದ್ದೆ. ಈ ದೇಶದಲ್ಲಿ ಖಾಯಂ ಉಳಿಯಲು ನಾವು ಹಾಕಿದ ಅರ್ಜಿ ಅಲ್ಲಿಯ ವಲಸೆ ಕಚೇರಿಯಲ್ಲಿತ್ತು. ಅದು ತಿರಸ್ಕಾರವಾದರೆ ಶರಣಪ್ಪನ ಕೆಲಸ, ಧೃತಿಯ ಶಾಲೆ, ಎಂಟು ವರ್ಷದ ನಮ್ಮ ಬದುಕು ಎಲ್ಲವೂ ಗಂಟು ಕಟ್ಟಬೇಕಿತ್ತು. ಆದರೆ ನನಗೆ ಹೆದರಿಕೆಗಿಂತ ಸಿಟ್ಟು ಬಂತು. ನಾನು ಪೆನ್ನಿನ ಟೊಪ್ಪಿ ಹಾಕಿ ಕೌಂಟರಿನ ಮೇಲಿಟ್ಟೆ.

"ನಾನು ಸಹಿ ಹಾಕುವುದಿಲ್ಲ" ಅಂದೆ. ಕೋಟು ಹಾಕಿಕೊಂಡು ನಡೆದೆ.

ಬಸ್ಸಿನಲ್ಲಿ ಕೂತಾಗ ಗೂಡು ನೆನಪಾಯಿತು. ಗುಲಾಬಿಯನ್ನು ಸುಡಬಲ್ಲ, ಬಿಳಿಯದು ಊರೂರು ಸೇರಿ ಹಾಳಾಗಿದೆ. ಹಳದಿಯದು ಕಸಕ್ಕೆ ಹೋಗಿದೆ ಎಂದು ಅವನು ತಿಳಿದಿದ್ದಾನೆ. ಕಾಗದವನ್ನು ಮನೆಗೆ ಹೊತ್ತೊಯ್ಯುವ ಹೆಂಗಸೂ ಇರಬಹುದೆಂದು ಅವನ ತಲೆಗೆ ಹೇಗೆ ಹೊಳೆಯಬೇಕು!

ಗೂಡನ್ನು ಪೂರ್ತಿ ಬರಿದು ಮಾಡಿ ಹಾಲ್‌ನ ತುಂಬ ಹರಡಿ ಕೂತೆ. ಶರಣಪ್ಪ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮೂವತ್ತೊಂದು ಸಿಕ್ಕಿದ್ದವು. ಪ್ರತಿಯೊಂದರ ಮೇಲೂ 'ಹೊಲಿಗೆ ಯಂತ್ರದ ಬಿಡಿಭಾಗ' ಎಂದು ಕೀತ್‌ನ ಓರೆ ಅಕ್ಷರ, ತಲುಪಬೇಕಾದವರ ಪೂರ್ತಿ ವಿಳಾಸ, ಕೆಳಗೆ ನನ್ನ ದುಂಡು ಸಹಿ. ಕೆಲವುಗಳ ಹಿಂದೆ 'ತೊಗರಿಬೇಳೆ, ಜೀರಿಗೆ, ಟೂಟಿಂಗ್‌ನಿಂದ ಕರಿಬೇವು'.

ನಡೆದದ್ದನ್ನೆಲ್ಲ ಹೇಳಿದೆ. ಶರಣಪ್ಪ ಶೂ ಕೂಡ ಬಿಚ್ಚದೆ ಕೇಳಿಸಿಕೊಂಡ.

"ಪೊಲೀಸರಿಗೆ ಇವನ್ನ ಕೊಡಾಕ ಹೊಂಟೀಯೇನು?" ಅಂದ. "ತಲಿ ನೆಟ್ಟಗೈತೋ ಇಲ್ಲೋ? ಎಲ್ಲಾದ್ರ ಮ್ಯಾಲೂ ನಿನ್ನ ಸಹಿ ಐತಿ!"

"ಐತಿ. ಅವನ ಅಕ್ಷರನೂ ಐತಿ."

"ಅವ ಇಲ್ಲಿಯವ. ನಾವು ಪಾಸ್‌ಪೋರ್ಟ್ ಕೈಯಾಗಿಲ್ಲದ ಮಂದಿ. ಸುಮ್ಮನ ಕೆಲಸ ಬಿಡು, ಬ್ಯಾರೆ ಕಡೆ ನೋಡು. ನಮಗ್ಯಾಕ ಬೇಕಿದು?"

"ಈ ಮೂವತ್ತೊಂದು ಮನಿಯಾಗ ಎಷ್ಟು ಪಿಸ್ತೂಲು ಜೋಡಿಸ್ಯಾರೋ ಏನೋ. ನಾಳೆ ಒಂದು ಗುಂಡು ಹಾರಿ ನಿಮ್ಮ ಆಸ್ಪತ್ರೀಗೇ ಒಬ್ಬ ಬಂದ್ರ, ಅವನ ಮೂಳೆ ಕೂಡಸ್ತೀರಿ. ಆವಾಗ ನಿಮಗ ನನ್ನ ಸಹಿ ನೆನಪಾಗೂದಿಲ್ಲೇನು?"

ಧೃತಿ ತನ್ನ ಕೋಣೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದಳು. ಹದಿನಾಲ್ಕು ವರ್ಷ, ಹೆದರಿ ಮುಖ ಬಿಳುಚಿಕೊಂಡಿತ್ತು. "ಅಮ್ಮಾ, ಪ್ಲೀಸ್. ಜಸ್ಟ್ ಬಿನ್ ಇಟ್" ಅಂದಳು.

ಶರಣಪ್ಪ ಅಡುಗೆಮನೆಯಿಂದ ಕರಿಯ ಕಸದ ಚೀಲ ತಂದ. ನಾನು ತಡೆಯಲಿಲ್ಲ. ಅವನು ಎರಡೂ ಕೈಯಲ್ಲಿ ಹಳದಿ ಚೀಟಿಗಳನ್ನು ಬಾಚಿದ. ಆ ಅವಸರದಲ್ಲಿ ಒಂದು ಹಾರಿ ಅವನ ಶೂವಿನ ಕೆಳಗೆ ಸೇರಿತು. ಅವನು ಗಕ್ಕನೆ ಕಾಲೆತ್ತಿದ. ಬಗ್ಗಿದ, ಚೀಟಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಯೋಚಿಸಿ ಮಾಡಿದ್ದಲ್ಲ, ನಲವತ್ತೈದು ವರ್ಷದ ಕೈ ತಾನೇ ಮಾಡಿತು. ಆಮೇಲೆ ಒಂದು ಕೈಯಲ್ಲಿ ಚೀಟಿ, ಒಂದು ಕೈಯಲ್ಲಿ ಕಸದ ಚೀಲ ಹಿಡಿದುಕೊಂಡು ಹಾಗೇ ನಿಂತ.

"ಹಾಕ್ರಿ" ಅಂದೆ. "ಕಣ್ಣಿಗೆ ಒತ್ತಿಕೊಂಡಾತಲ್ಲ, ಈಗ ಕಸಕ್ಕ ಹಾಕ್ರಿ."

ಹಾಕಲು ಅವನಿಗೆ ಆಗಲಿಲ್ಲ. ಚೀಲವನ್ನು ಕೆಳಗಿಟ್ಟು ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಎತ್ತಿಟ್ಟ. ಕೊನೆಗೆ, "ನಾನೂ ಬರ್ತೀನಿ. ಒಬ್ಬಾಕೀನ ಹೋಗಬ್ಯಾಡ" ಅಂದ. ಆ ಮನುಷ್ಯನನ್ನು ಮದುವೆಯಾದದ್ದಕ್ಕೆ ನನಗೆ ಅಂದಿನಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಬೆಳಗ್ಗೆ ಪೊಲೀಸ್ ಠಾಣೆಯಲ್ಲಿ ನಾಲ್ಕು ಗಂಟೆ ಕೂರಿಸಿದರು. ಪತ್ತೇದಾರಿಣಿ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ನನ್ನ ಸಹಿಯ ಮೇಲೆ ಪೆನ್ನಿಟ್ಟು, "ಇದರಿಂದ ನಿಮಗೇ ತೊಂದರೆಯಾಗಬಹುದು ಎಂದು ಗೊತ್ತೇ?" ಅಂದಳು. "ಗೊತ್ತು. ಆಗಬೇಕಾದ್ದೇ. ನೋಡದೆ ಹಾಕಿದ್ದೇನೆ" ಅಂದೆ. "ಆದರೆ ಸಹಿ ನೋಡಿ ನಿಲ್ಲಬೇಡಿ, ಮೇಲಿನ ಬರವಣಿಗೆಯನ್ನೂ ನೋಡಿ, ಆ ವಿಳಾಸಗಳಿಗೂ ಹೋಗಿ." ಪಿಸ್ತೂಲಿನ ಭಾಗ ನಿಮಗೆ ಹೇಗೆ ಗೊತ್ತಾಯಿತು ಎಂದಾಗ ಅಪ್ಪನ ಹೆಸರು ಹೇಳಿದೆ. ಕೇಳಿದ್ದು ಸಂಶಯದಿಂದ, ನಾನು ಹೇಳಿದ್ದು ಜಂಬದಿಂದ. ಅವರು ವಿಳಾಸಗಳಿಗೆ ಹೋದರು. ಒಂಬತ್ತು ಮನೆಗಳಲ್ಲಿ ಪಿಸ್ತೂಲು ಸಿಕ್ಕಿತು, ಕೀತ್‌ನನ್ನು ಬಂಧಿಸಿದರು.

ನನ್ನ ಮೇಲೆ ಮೊಕದ್ದಮೆ ಹಾಕುವುದೋ ಬೇಡವೋ ಎಂದು ಅವರು ಆರು ತಿಂಗಳು ಯೋಚಿಸಿದರು. ಆ ಆರು ತಿಂಗಳು ಸ್ಟ್ಯಾನ್ಮೋರ್‌ನಿಂದ ಒಂದು ಫೋನೂ ಬರಲಿಲ್ಲ. ಊಟಕ್ಕೆ ಕರೆಯಲಿಲ್ಲ. ಕೊನೆಗೆ ನನ್ನನ್ನು ಸಾಕ್ಷಿ ಎಂದು ಕರೆದರು. ಕ್ರಾಯ್ಡನ್‌ನಿಂದ ಮಾತ್ರ ಆಗಲೂ ಸುದ್ದಿಯಿರಲಿಲ್ಲ. ನನ್ನ ಮಾತು ಕೋರ್ಟಿನಲ್ಲಿ ನಿಲ್ಲದಿದ್ದರೆ ಕೀತ್ ಬಿಡುಗಡೆಯಾಗುತ್ತಾನೆ, ಆಗ ಆ ಚೀಟಿಗಳ ಮೇಲೆ ಉಳಿಯುವ ಹೆಸರು ನನ್ನದೊಂದೇ. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸಾಕ್ಷಿಕಟ್ಟೆಗೆ ನಾನು ಇಳಕಲ್ ಸೀರೆಯಲ್ಲೇ ಹೋದೆ. ಮೇಲಿನ ಸಾಲಿನಲ್ಲಿ ಶರಣಪ್ಪ, ಪಕ್ಕದಲ್ಲಿ ಶಾಲೆಗೆ ಚಕ್ಕರ್ ಹಾಕಿದ ಧೃತಿ. ಕೀತ್ ಗಾಜಿನ ಹಿಂದೆ ಟೈ ಕಟ್ಟಿಕೊಂಡು ಸಂಭಾವಿತನಂತೆ ಕೂತಿದ್ದ. ಅವನ ವಕೀಲ ತೆಳ್ಳಗೆ ಎತ್ತರಕ್ಕಿದ್ದ, ಬಿಳಿ ಕುಚ್ಚುಗೂದಲಿನ ಟೋಪಿ, ಸಕ್ಕರೆಯಂಥ ಇಂಗ್ಲಿಷು. ನನ್ನ ಹಳದಿ ಚೀಟಿಗಳ ಜೆರಾಕ್ಸ್ ಕಂತೆಯನ್ನು ಬೀಸಣಿಗೆಯಂತೆ ಆಡಿಸುತ್ತ ಪ್ರಶ್ನೆ ಕೇಳುತ್ತಿದ್ದ.

"ಇವು ಕಸ, ಅಲ್ಲವೇ? ಕಚೇರಿ ಎಸೆಯುತ್ತಿದ್ದ ಕಸ."

"ಕಚೇರಿಗೆ ಕಸ."

"ಒಂದು ವರ್ಷ ಕಸವನ್ನು ಮನೆಗೆ ಹೊತ್ತಿದ್ದೀರಿ. ನಿಜವಾದ ಕಾರಣ ನಾನು ಹೇಳಲೇ? ಈ ವ್ಯಾಪಾರ ನಿಮ್ಮದು. ಯಾರಿಗೆ ಏನು ಕಳಿಸಿದಿರಿ ಎಂಬ ವಿಳಾಸ ನಿಮಗೆ ಬೇಕಿತ್ತು. ಸಿಕ್ಕಿಬೀಳುವ ದಿನ ಬಂದಾಗ ನನ್ನ ಕಕ್ಷಿದಾರನ ತಲೆಗೆ ಕಟ್ಟಿದಿರಿ. ಬಂದೂಕಿನ ವಿದ್ಯೆ ಬಲ್ಲವರು ಆ ಕಚೇರಿಯಲ್ಲಿ ನೀವೊಬ್ಬರೇ ತಾನೆ?"

"ವಿದ್ಯೆ ಬಲ್ಲೆ. ಅದಕ್ಕೇ ಗುರುತು ಹಿಡಿದೆ. ಕಾಗದ ಇಟ್ಟುಕೊಂಡ ಕಾರಣ ಮೊದಲೇ ಹೇಳಿದ್ದೇನೆ. ನಮ್ಮಲ್ಲಿ ಅಕ್ಷರವನ್ನು ಕಸಕ್ಕೆ ಹಾಕುವುದಿಲ್ಲ."

ಅವನು ಜ್ಯೂರಿಯ ಕಡೆ ತಿರುಗಿ ತುಟಿಯಂಚಿನಲ್ಲಿ ನಕ್ಕ. ಹನ್ನೆರಡು ಜನರಲ್ಲಿ ಮೂವರು ನಾಲ್ವರು ಅವನ ಜೊತೆ ನಕ್ಕರು. ಅವನು ಕಂತೆಯನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು. ಅದನ್ನು ಗಮನಿಸದೆ ಮುಂದೆ ಬಂದು ಅದರ ಮೇಲೇ ನಿಂತ.

"ಮೇಡಂ, ಈ ಕಾಲದಲ್ಲಿ, ಈ ನಗರದಲ್ಲಿ, ಓದಿದ ಹೆಂಗಸೊಬ್ಬಳು ಬರೀ ಅಂಥ ಕಾರಣಕ್ಕೆ ರದ್ದಿ ಕೂಡಿಡುತ್ತಾಳೆ ಎಂದು ಜ್ಯೂರಿ ನಂಬಬೇಕೇ?"

ನನಗೆ ಪ್ರಶ್ನೆ ಕೇಳಿಸಿತು, ಅರ್ಥವೂ ಆಯಿತು. ಆದರೆ ನನ್ನ ಕಣ್ಣು ಅವನ ಕರಿ ಬೂಟಿನ ಮೇಲಿತ್ತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ.

"ಮೊದಲು ಕಾಲು ತೆಗೆಯಿರಿ" ಅಂದೆ.

"ಏನಂದಿರಿ?"

"ನೀವು ಕಾಗದದ ಮೇಲೆ ನಿಂತಿದ್ದೀರಿ. ಅದರಲ್ಲಿ ಅಕ್ಷರ ಇದೆ. ಕಾಲು ತೆಗೆಯಿರಿ, ಆಮೇಲೆ ಉತ್ತರ ಹೇಳುತ್ತೇನೆ."

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ನ್ಯಾಯಾಧೀಶರು ಕನ್ನಡಕ ಸರಿಸಿ ಬಗ್ಗಿ ನೋಡಿದರು. ಹನ್ನೆರಡು ಜನರೂ ಕತ್ತು ಚಾಚಿ ಆ ಬೂಟನ್ನು ನೋಡಿದರು. ಮೇಲಿನ ಸಾಲಿನಲ್ಲಿ ಏನೋ ಸದ್ದಾಯಿತು. ತಲೆಯೆತ್ತಿದೆ. ನಮ್ಮ ಧೃತಿ ಎದ್ದು ನಿಂತುಬಿಟ್ಟಿದ್ದಳು, ಅವಳ ಬಲಗೈ ಅವಳಿಗೇ ತಿಳಿಯದಂತೆ ಕಣ್ಣಿನ ಹತ್ತಿರ ಹೋಗಿತ್ತು. ಜ್ಯೂರಿಯ ಮೊದಲ ಸಾಲಿನ ಮುದುಕಿಯೊಬ್ಬಳು ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಈಗ ಯಾರೂ ನಗುತ್ತಿರಲಿಲ್ಲ.

ವಕೀಲ ಕಾಲು ತೆಗೆದ. ಗುಮಾಸ್ತೆ ಹಾಳೆಯನ್ನು ಎತ್ತಿ, ಧೂಳು ಒರೆಸಿ, ಮೇಜಿನ ಮೇಲಿಟ್ಟಳು.

"ಈಗ ಕೇಳಿ" ಅಂದೆ.