ಕ್ಲಚ್ ಇಲ್ಲದ ಲಾರಿ

ಗುಡ್ಡದ ಮೊದಲ ತಿರುವಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತಿದ್ದ ಮೇಷ್ಟ್ರ ಎಡಗಾಲು ತಾನಾಗಿಯೇ ನೆಲವನ್ನು ಒತ್ತಿತು. ಅಲ್ಲಿ ಕ್ಲಚ್ ಇರಲಿಲ್ಲ. ಸ್ಟೀರಿಂಗ್ ಹಿಡಿದಿದ್ದ ನಾದಿನಿಯ ಕಾಲಬುಡದಲ್ಲೂ ಇರಲಿಲ್ಲ; ಎರಡೇ ಪೆಡಲ್ಲು, ಒಂದು ಓಡಲಿಕ್ಕೆ, ಒಂದು ನಿಲ್ಲಲಿಕ್ಕೆ.

ಅವರು ಶಾಲೆಯ ಮೇಷ್ಟ್ರಲ್ಲ. ಲಾರಿ ಶೆಡ್ಡಿನ ಅರ್ಧ ಡ್ರೈವರುಗಳಿಗೆ ಗೇರು ಕಲಿಸಿದ್ದಕ್ಕೆ ಆ ಹೆಸರು ಅಂಟಿಕೊಂಡಿತ್ತು. ಇಪ್ಪತ್ತೆಂಟು ವರ್ಷ ಇಂಜಿನ್ನಿನ ಸದ್ದು ಕೇಳಿಯೇ ಗೇರು ಬದಲಿಸಿದವರು. ಆದರೆ ಹೆಂಡತಿಯ ತಂಗಿ ತನಗೂ ಕಲಿಸಿ ಎಂದಾಗ ನಕ್ಕುಬಿಟ್ಟಿದ್ದರು. ಕ್ಲಚ್ ತುಳಿಯಲು ಕಾಲಲ್ಲಿ ಕಸುವು ಬೇಕು, ಸೌಟು ಹಿಡಿದಷ್ಟು ಸುಲಭವಲ್ಲ ಎಂದಿದ್ದರು. ಅವಳು ಬೇರೆ ಕಡೆ ಕಲಿತು, ಹೆವಿ ಲೈಸೆನ್ಸ್ ಮಾಡಿಸಿಕೊಂಡು ಅದೇ ಶೆಡ್ಡಿಗೆ ಬಂದಳು.

ಆಟೋಮ್ಯಾಟಿಕ್ ಲಾರಿ ಬಂದಾಗ ಶೆಡ್ಡಿನ ಯಜಮಾನರು ಮೊದಲು ಕೇಳಿದ್ದು ಮೇಷ್ಟ್ರನ್ನೇ. ಗೇರು ಹಾಕದ ಲಾರಿ ಆಟದ ಸಾಮಾನು, ಯಾರಾದರೂ ಹೆಂಗಸರಿಗೆ ಕೊಡಿ ಎಂದು ಅವರು ಎಲ್ಲರೆದುರು ಅಂದರು. ಯಜಮಾನರು ಹಾಗೇ ಮಾಡಿದರು.

ಅಂದಿನಿಂದ ಆ ಲಾರಿ ಮೇಷ್ಟ್ರ ಕಣ್ಣಲ್ಲಿ ಕಸದಂತೆ ಚುಚ್ಚತೊಡಗಿತು. ಬೇಡವೆಂದವರೂ ತಾವೇ, ಕರುಬುವವರೂ ತಾವೇ. ಅವರ ಎಡಮಂಡಿ ಸವೆದು ಎರಡು ವರ್ಷವಾಗಿತ್ತು. ಸಂಜೆ ಎಣ್ಣೆ ತಿಕ್ಕುತ್ತಾ ಹೆಂಡತಿ, ತಂಗಿಗೆ ಈಗ ಮೈಕೈ ನೋವೇ ಇಲ್ಲವಂತೆ ಎಂದರೆ ಕಾಲು ಎಳೆದುಕೊಳ್ಳುತ್ತಿದ್ದರು. ಲಾರಿ ಕಂಪನಿಯವನು ಅವಳಿಗೆ ಎರಡು ದಿನ ಹೇಳಿಕೊಟ್ಟಾಗ, ಟೈರು ನೋಡುವ ನೆಪದಲ್ಲಿ ಹತ್ತಿರವೇ ಕುಕ್ಕರಗಾಲಲ್ಲಿ ಕೂತು ಪ್ರತಿ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದರು.

ಇವತ್ತು ಸಿಮೆಂಟ್ ಲೋಡು. ಈ ಇಳಿಜಾರು ಅವಳಿಗೆ ಹೊಸದು. ಜೊತೆಗೆ ಹೋಗಿ ನೋಡಿ, ಅವಳನ್ನು ಈ ದಾರಿಗೆ ಹಾಕಬಹುದೋ ಬೇಡವೋ ನೀವೇ ಹೇಳಿ ಎಂದು ಯಜಮಾನರು ಕಳಿಸಿದ್ದರು.

ರಸ್ತೆ ಕಡಿದಾಯಿತು. ಲಾರಿ ತಾನೇ ಮೇಲಿನ ಗೇರಿಗೆ ಹೋಗಿ ವೇಗ ಹಿಡಿಯಿತು. ಪಕ್ಕಕ್ಕೆ ನಿಲ್ಲಿಸಲು ಅಂಚೇ ಇರಲಿಲ್ಲ. ಅವಳು ಬ್ರೇಕ್ ತುಳಿದಳು, ಬಿಟ್ಟಳು, ಮತ್ತೆ ತುಳಿದಳು.

"ಭಾವ, ಇದನ್ನ ಕೆಳಗಿನ ಗೇರಲ್ಲೇ ಹಿಡಿಯೋದು ಹೇಗೆ? ಆವತ್ತು ಹೇಳಿದ್ರು, ಈಗ ತಲೆಗೇ ಬರ್ತಿಲ್ಲ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. "ನಾನು ಗೇರು ಹಾಕೋನು. ಇದೆಲ್ಲ ನನಗೇನು ಗೊತ್ತು?"

ಒಂದು ತಿರುವು ಕಳೆಯಿತು. ಇನ್ನೊಂದು. ಕೆಳಗಿನಿಂದ ಬ್ರೇಕ್ ಕಾದ ಕಮಟು ವಾಸನೆ ಬಂತು. ಯಜಮಾನರ ಮುಂದೆ ಇದನ್ನು ಹೇಗೆ ಹೇಳುವುದೆಂದು ಅವರು ಮನಸ್ಸಿನಲ್ಲೇ ಮಾತು ಜೋಡಿಸತೊಡಗಿದರು. ಅಷ್ಟರಲ್ಲಿ ಅವಳು ಸೀಟಿನಿಂದ ಅರ್ಧ ಎದ್ದು ಪೆಡಲ್ ಒತ್ತುತ್ತಿದ್ದುದು ಕಂಡಿತು. ಕಾದ ಬ್ರೇಕ್ ಹಿಡಿಯಲಿಲ್ಲ, ಲಾರಿಯ ವೇಗ ತಗ್ಗಲಿಲ್ಲ.

"ಲಿವರ್ ಎಡಕ್ಕೆ ತಳ್ಳು," ಎಂದರು. "ಬಲಗಡೆ ಸ್ವಿಚ್ಚು ಒತ್ತು, ಇಂಜಿನ್ನೇ ತಡೆಯುತ್ತೆ. ಈಗ ಹಿಂದಕ್ಕೆ ಎಳಿ. ಒಂದೊಂದೇ ಗೇರು. ಗಾಬರಿ ಬೇಡ, ಇನ್ನೊಂದು."

ಇಂಜಿನ್ನು ಗೂಳಿಯಂತೆ ಗುಟುರು ಹಾಕಿತು. ಲಾರಿ ಒಲ್ಲದ ಮನಸ್ಸಿನಿಂದ ನಿಧಾನವಾಯಿತು.

ಬುಡದಲ್ಲಿ ಬಯಲು ಸಿಕ್ಕಾಗ ಅವಳು ನಿಲ್ಲಿಸಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟಳು.

"ಗೊತ್ತಿಲ್ಲ ಅಂದ್ರಲ್ಲ, ಭಾವ."

"ಗೊತ್ತಿತ್ತು."

"ಇಬ್ರೂ ಹೋಗಿದ್ರೆ ಅಕ್ಕನ ಗತಿ?"

ದನಿ ಏರಿಸದೆ ಕೇಳಿ ಅವಳು ಲಾರಿಯ ಆಚೆ ಬದಿಗೆ ಹೋದಳು.

ಯಜಮಾನರ ಫೋನು ಬಂತು. ಹಾಕಬಹುದು, ಚೆನ್ನಾಗಿ ಓಡಿಸ್ತಾಳೆ ಎಂದರು ಮೇಷ್ಟ್ರು. ಬ್ರೇಕು ಕಾದಿದೆ, ಹೊರಡೋದು ತಡ ಆಗುತ್ತೆ ಎಂದರು. ಆಮೇಲೆ, "ತಪ್ಪು ಅವಳದಲ್ಲ. ಕೇಳಿದಾಗ ನಾನು ಹೇಳಲಿಲ್ಲ," ಎಂದರು. ಆ ಕಡೆಯಿಂದ ಫೋನು ಕಟ್ಟಾಯಿತು.

ಲಾರಿಯ ಅಡಿಯಿಂದ ನೋಡಿದರೆ ಆಚೆ ಬದಿಯಲ್ಲಿ ಅವಳ ಚಪ್ಪಲಿಗಳಷ್ಟೇ ಕಾಣುತ್ತಿದ್ದವು. ಮೇಷ್ಟ್ರು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದರು. ಬಿಸಿ ಇನ್ನೂ ಆರಿರಲಿಲ್ಲ. ಅವರು ಈಚೆ ಬದಿಯಲ್ಲೇ ನೆಲದ ಮೇಲೆ ಕೂತರು.